ಗೋಂದಿನೊಳಗೆ ಗಾಳಿ

ಅಮೆರಿಕದ ಇಲಿನಾಯ್ ರಾಜ್ಯದಲ್ಲಿರುವ ಪಿಯೋರಿಯಾ ಮೆಕ್ಕೆಜೋಳದ ಸೀಮೆಯ ಊರು. ಬೆಳೆ ಹೆಚ್ಚಾಗಿ ಬೆಲೆ ಕುಸಿದಾಗ ಆ ಜೋಳದಿಂದ ಇನ್ನೇನು ಮಾಡಬಹುದು ಎಂದು ಹುಡುಕುವುದಕ್ಕಾಗಿಯೇ ಅಲ್ಲಿನ ಕೃಷಿ ಇಲಾಖೆ 1940ರ ಹೊತ್ತಿಗೆ ಆ ಊರಿನಲ್ಲಿ ದೊಡ್ಡ ಸಂಶೋಧನಾಲಯವೊಂದನ್ನು ತೆರೆಯಿತು. ಮರುವರ್ಷ ಅಲ್ಲಿಗೆ ಕೆಲಸಕ್ಕೆ ಸೇರಿದವರು ಅಲೀನ್ ಜೀನ್ಸ್. 1906ರಲ್ಲಿ ಟೆಕ್ಸಸ್‌ನ ವೇಕೊದಲ್ಲಿ ಹುಟ್ಟಿ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದಿದ್ದ ಈಕೆಗೆ ಸಕ್ಕರೆಯ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಆಗುವ ಉದ್ದನೆಯ ಸರಪಳಿಗಳ ಮೇಲೆ ಬಲು ಆಸಕ್ತಿ. ಸ್ಥಳೀಯ ತಂಪುಪಾನೀಯ ಕಂಪನಿಯೊಂದರ ರೂಟ್ ಬಿಯರ್ ಒಮ್ಮೆ ಲೋಳೆಲೋಳೆಯಾಗಿ ಕೆಟ್ಟುಹೋಯಿತು. ಅದರ ಮಾದರಿ ಜೀನ್ಸ್ ಅವರ ಮೇಜಿಗೆ ಬಂತು. ಅದರಲ್ಲಿದ್ದ ಬ್ಯಾಕ್ಟೀರಿಯಾವನ್ನು ಅವರು ಬೇರ್ಪಡಿಸಿದರು. ಅದು ಸಕ್ಕರೆಯನ್ನು ಡೆಕ್ಸ್‌ಟ್ರಾನ್ ಎಂಬ ಗೋಂದಾಗಿ ಪರಿವರ್ತಿಸುತ್ತಿತ್ತು.

ಡೆಕ್ಸ್‌ಟ್ರಾನ್ ಹೊಸದೇನಲ್ಲ. ಯುರೋಪಿನ ಸಕ್ಕರೆ ಕಾರ್ಖಾನೆಗಳ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತಿದ್ದ ಈ ಲೋಳೆಯನ್ನು 19ನೇ ಶತಮಾನದಲ್ಲೇ ವಿಜ್ಞಾನಿಗಳು ಗಮನಿಸಿದ್ದರು. 1940ರ ದಶಕದಲ್ಲಿ ಸ್ವೀಡನ್‌ನ ಉಪ್ಸಾಲಾದ ಗ್ರೋನ್ವಾಲ್ ಮತ್ತು ಇಂಗೆಲ್‌ಮನ್ ಎಂಬ ಸಂಶೋಧಕರು ಅದಕ್ಕೆ ಹೊಸ ಉಪಯೋಗ ಕಂಡುಕೊಂಡರು: ತುಂಬಾ ರಕ್ತ ಕಳೆದುಕೊಂಡವರಿಗೆ ಪ್ಲಾಸ್ಮಾದ ಬದಲು ಡೆಕ್ಸ್‌ಟ್ರಾನ್ ದ್ರಾವಣ ಕೊಟ್ಟು ರಕ್ತನಾಳಗಳ ಒತ್ತಡವನ್ನು ಕಾಪಾಡಬಹುದು. ಕೊರಿಯಾದಲ್ಲಿ ಯುದ್ಧ ಶುರುವಾದಾಗ ಅಮೆರಿಕದ ಸೇನೆಗೆ ಇದರ ತುರ್ತು ಬಂತು. ಜೀನ್ಸ್ ಮತ್ತು ಅವರ ತಂಡ ನೂರಾರು ತಳಿಗಳ ಡೆಕ್ಸ್‌ಟ್ರಾನ್‌ಗಳನ್ನು ಹೋಲಿಸಿ ನೋಡಿ, ಮನುಷ್ಯನ ರಕ್ತಕ್ಕೆ ಹೊಂದುವಂಥದ್ದನ್ನು ಆರಿಸಿಕೊಟ್ಟಿತು. 1953ರಲ್ಲಿ ಕೃಷಿ ಇಲಾಖೆಯ ವಿಶಿಷ್ಟ ಸೇವಾ ಪ್ರಶಸ್ತಿ ಜೀನ್ಸ್ ಅವರಿಗೆ ಸಂದಿತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು, ಮುಂದಿನ ಕಥೆಯೆಲ್ಲ ನಿಂತಿರುವುದು ಅದರ ಮೇಲೆ. ಡೆಕ್ಸ್‌ಟ್ರಾನ್ ಮಾಡುವ ಲ್ಯೂಕೊನೊಸ್ಟಾಕ್ ಬ್ಯಾಕ್ಟೀರಿಯಾಕ್ಕೆ ಗಾಳಿಯ ಹಂಗಿಲ್ಲ. ಅದು ತನ್ನ ಮೈಯಿಂದ ಒಂದು ಕಿಣ್ವವನ್ನು ಹೊರಗೆ ಬಿಡುತ್ತದೆ. ಸಕ್ಕರೆಯ ಅಣುವನ್ನು ಸೀಳಿ ಸರಪಳಿಗೆ ಜೋಡಿಸುವ ಕೆಲಸವೆಲ್ಲ ಜೀವಕೋಶದ ಹೊರಗೇ ನಡೆಯುತ್ತದೆ; ಅದಕ್ಕೆ ಬೇಕಾದ ಶಕ್ತಿ ಆ ಸಕ್ಕರೆಯ ಕೊಂಡಿಯಲ್ಲೇ ಇದೆ. ತೊಟ್ಟಿಯಲ್ಲಿ ಸಕ್ಕರೆನೀರು ತುಂಬಿ, ಬ್ಯಾಕ್ಟೀರಿಯಾ ಬಿಟ್ಟು ಸುಮ್ಮನಿದ್ದರೂ ಸಾಕು, ಗೋಂದು ಆಗುತ್ತದೆ. ಜೀನ್ಸ್ ಅವರ ಮುಂದಿನ ಗೋಂದು ಹಾಗಿರಲಿಲ್ಲ.

ಆ ಎರಡನೆಯ ಗೋಂದಿಗೆ ಬರುವ ಮುನ್ನ ಅದೇ ಕಟ್ಟಡದ ಇನ್ನೊಂದು ಕೆಲಸವನ್ನು ನೆನೆಯಬೇಕು. 1941ರ ಜುಲೈನಲ್ಲಿ ಆಕ್ಸ್‌ಫರ್ಡಿನಿಂದ ಹೊವರ್ಡ್ ಫ್ಲೋರಿ ಮತ್ತು ನಾರ್ಮನ್ ಹೀಟ್ಲಿ ಪೆನಿಸಿಲಿನ್ ಬೂಷ್ಟನ್ನು ಹೊತ್ತು ಪಿಯೋರಿಯಾಕ್ಕೆ ಬಂದರು. ಆಗ ಪೆನಿಸಿಲಿನ್ ಬೂಷ್ಟು ಬೆಳೆಯುತ್ತಿದ್ದುದು ಬಾಟಲಿ, ತಟ್ಟೆಗಳಲ್ಲಿ, ದ್ರವದ ಮೇಲಿನ ಕೆನೆಯಂತೆ ಮಾತ್ರ. ಯಾಕೆಂದರೆ ಗಾಳಿ ಸಿಗುತ್ತಿದ್ದುದು ಮೇಲ್ಮೈಯಲ್ಲಷ್ಟೇ. ಪಿಯೋರಿಯಾದ ಆ್ಯಂಡ್ರೂ ಮೋಯರ್ ಮತ್ತು ಸಂಗಡಿಗರು ಮೆಕ್ಕೆಜೋಳ ನೆನೆಸಿದ ನೀರನ್ನು ಆಹಾರವಾಗಿ ಕೊಟ್ಟು, ಬೂಷ್ಟನ್ನು ದ್ರವದ ಆಳದಲ್ಲೇ ಬೆಳೆಸುವ ದಾರಿ ಹಿಡಿದರು. ಆಳದಲ್ಲಿ ಬೆಳೆಸುವುದೆಂದರೆ ಆಳಕ್ಕೆ ಗಾಳಿ ಕಳಿಸುವುದು. 1944ರ ಮಾರ್ಚ್ 1ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಹಿಂದೆ ಐಸ್ ಕಾರ್ಖಾನೆಯಾಗಿದ್ದ ಕಟ್ಟಡದಲ್ಲಿ, ಫೈಜರ್ ಕಂಪನಿ ತಲಾ 7,500 ಗ್ಯಾಲನ್‌ನ 14 ತೊಟ್ಟಿಗಳನ್ನು ಚಾಲೂ ಮಾಡಿತು. ತಳದಿಂದ ಶುದ್ಧಗೊಳಿಸಿದ ಗಾಳಿ, ನಡುವೆ ಗಿರಗಿರನೆ ತಿರುಗುವ ರೆಕ್ಕೆಗಳು. ಇಂದಿನ ಬಯೋರಿಯಾಕ್ಟರ್‌ಗೆ ಅಲ್ಲೇ ರೂಪ ಬಂತು ಎನ್ನಬಹುದು.

ಗಾಳಿ ಊದುವುದು ಅಷ್ಟು ಕಷ್ಟವೇ ಎಂದು ಕೇಳಬಹುದು. ಕಷ್ಟವೇ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಗಾಳಿಯಿಂದ ಹೀರಿ ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಸುಮಾರು 7.5 ಮಿಲಿಗ್ರಾಂ ಮಾತ್ರ. ಅಷ್ಟೇ ಗಾಳಿಯಲ್ಲಿ 270 ಮಿಲಿಗ್ರಾಂನಷ್ಟು ಆಮ್ಲಜನಕ ಇರುತ್ತದೆ. ಸಕ್ಕರೆಯನ್ನು ಬೇಕಾದರೆ ಒಂದು ಲೀಟರ್ ನೀರಿಗೆ ನೂರಾರು ಗ್ರಾಂ ಕರಗಿಸಿ ನಾಲ್ಕು ದಿನದ ಊಟವನ್ನು ಮೊದಲ ದಿನವೇ ಬಡಿಸಿಡಬಹುದು. ಆಮ್ಲಜನಕವನ್ನು ಹಾಗೆ ಕೂಡಿಡಲಾಗದು. ಹುರುಪಿನಿಂದ ಬೆಳೆಯುತ್ತಿರುವ ಬ್ಯಾಕ್ಟೀರಿಯಾಗಳು ಆ 7.5 ಮಿಲಿಗ್ರಾಂ ಅನ್ನು ಒಂದು ನಿಮಿಷದೊಳಗೆ ಖಾಲಿ ಮಾಡಬಲ್ಲವು. ಆದ್ದರಿಂದ ಪ್ರತಿ ಕ್ಷಣವೂ ಗುಳ್ಳೆಯೊಳಗಿನ ಆಮ್ಲಜನಕ ನೀರಿಗೆ ದಾಟುತ್ತಲೇ ಇರಬೇಕು. ಗುಳ್ಳೆ ಚಿಕ್ಕದಾದಷ್ಟೂ ಅದೇ ಗಾಳಿಗೆ ಹೆಚ್ಚು ಮೇಲ್ಮೈ ಸಿಗುತ್ತದೆ, ಅದು ತೊಟ್ಟಿಯಲ್ಲಿ ಹೆಚ್ಚು ಹೊತ್ತು ತಂಗುತ್ತದೆ. ತಿರುಗುವ ರೆಕ್ಕೆಯ ಮುಖ್ಯ ಕೆಲಸ ಗುಳ್ಳೆಗಳನ್ನು ಕತ್ತರಿಸುವುದು. ಗಾಳಿ ಅತಿಯಾಗಿ ರೆಕ್ಕೆಯ ವೇಗ ಸಾಲದೆ ಹೋದರೆ ರೆಕ್ಕೆಯೇ ಗಾಳಿಯಲ್ಲಿ ಮುಳುಗಿ, ದ್ರವಕ್ಕೆ ಹಿಡಿತ ಸಿಗದೆ ಬರಿದೆ ಸುತ್ತುತ್ತದೆ. ವೇಗ ಹೆಚ್ಚಿಸೋಣವೆಂದರೆ, ನೀರಿನಂಥ ತೆಳು ದ್ರವದಲ್ಲಿ ವೇಗ ಎರಡು ಪಟ್ಟಾದಾಗ ತಗಲುವ ವಿದ್ಯುತ್ತು ಎಂಟು ಪಟ್ಟಾಗುತ್ತದೆ.

ಈ ಲೆಕ್ಕಗಳೆಲ್ಲ ಒಂದು ಶಾಸ್ತ್ರವಾಗಿ ಕೂಡಿಬಂದದ್ದು ಅದೇ ವರ್ಷಗಳಲ್ಲಿ. 1944ರಲ್ಲಿ ಕೂಪರ್, ಫರ್ನ್‌ಸ್ಟ್ರಾಮ್ ಮತ್ತು ಮಿಲ್ಲರ್ ಎಂಬ ಮೂವರು, ಸೋಡಿಯಂ ಸಲ್ಫೈಟ್ ಕರಗಿಸಿದ ನೀರಿನಲ್ಲಿ ಗಾಳಿ ಊದಿ, ಸಲ್ಫೈಟ್ ಎಷ್ಟು ಬೇಗ ಆಮ್ಲಜನಕವನ್ನು ನುಂಗುತ್ತದೆ ಎಂಬುದರಿಂದ ತೊಟ್ಟಿಯ ಸಾಮರ್ಥ್ಯವನ್ನು ಅಳೆಯುವ ಉಪಾಯ ಹೇಳಿಕೊಟ್ಟರು. ಕೊಲಂಬಿಯಾ ವಿಶ್ವವಿದ್ಯಾಲಯದ ಎಲ್ಮರ್ ಗೇಡನ್ 1949ರಲ್ಲಿ ಪೆನಿಸಿಲಿನ್ ತೊಟ್ಟಿಗೆ ಬೇಕಾದ ಆಮ್ಲಜನಕವನ್ನೇ ವಿಷಯವಾಗಿಟ್ಟು ಡಾಕ್ಟರೇಟ್ ಪಡೆದರು. ಮುಂದೆ ಅವರನ್ನು ಜೀವರಾಸಾಯನಿಕ ಎಂಜಿನಿಯರಿಂಗಿನ ಪಿತಾಮಹ ಎಂದು ಕರೆಯುವಂತಾಯಿತು. 1950ರಲ್ಲಿ ಹೆನ್ರಿ ರಶ್ಟನ್ ಕಲಕುವ ರೆಕ್ಕೆಗಳ ಮೇಲೆ ಪ್ರಕಟಿಸಿದ ಅಧ್ಯಯನದಿಂದಾಗಿ, ಚಪ್ಪಟೆ ತಟ್ಟೆಯ ಅಂಚಿಗೆ ಆರು ನೇರ ಅಲಗುಗಳಿರುವ ಟರ್ಬೈನಿಗೆ ಅವರ ಹೆಸರೇ ನಿಂತಿತು. ಪೆನಿಸಿಲಿನ್‌ನಿಂದ ಕಲಿತ ಈ ಪಾಠ ಸಾಕು, ಇನ್ನು ಯಾವ ಸೂಕ್ಷ್ಮಾಣುವನ್ನಾದರೂ ತೊಟ್ಟಿಯಲ್ಲಿ ಬೆಳೆಸಬಹುದು ಎಂಬ ಭರವಸೆ ಆಗ ಮೂಡಿತ್ತು.

ಆ ಭರವಸೆಯನ್ನು ಪರೀಕ್ಷೆಗೆ ಒಡ್ಡಿದ್ದು ಎಲೆಕೋಸಿನ ಒಂದು ರೋಗಾಣು.

1950ರ ದಶಕದ ಕೊನೆಯಲ್ಲಿ ಪಿಯೋರಿಯಾದವರು ತಮ್ಮ ಸೂಕ್ಷ್ಮಾಣು ಸಂಗ್ರಹವನ್ನೆಲ್ಲ ಜಾಲಾಡಿ, ಜೋಳದ ಗ್ಲೂಕೋಸ್‌ನಿಂದ ಒಳ್ಳೆಯ ಗೋಂದು ಮಾಡಬಲ್ಲ ತಳಿಗಳನ್ನು ಹುಡುಕಿದರು. ಬಿ-1459 ಎಂಬ ಸಂಖ್ಯೆಯ ತಳಿ ಎಲ್ಲವನ್ನೂ ಮೀರಿಸಿತು. ಅದರ ಹೆಸರು ಕ್ಸಾಂಥೊಮೊನಾಸ್ ಕ್ಯಾಂಪೆಸ್ಟ್ರಿಸ್. ಕೋಸಿನ ಎಲೆಯ ಅಂಚಿನಿಂದ ನರಗಳನ್ನು ಕಪ್ಪಾಗಿಸುತ್ತ ಒಳಗೆ ನುಗ್ಗುವ ಕೊಳೆರೋಗಕ್ಕೆ ಕಾರಣವಾದ ಹಳದಿ ಬ್ಯಾಕ್ಟೀರಿಯಾ. ಈ ಕುಲ ನಮ್ಮ ರೈತರಿಗೆ ಅಪರಿಚಿತವಲ್ಲ. ವಿಜಯಪುರ, ಬಾಗಲಕೋಟೆ, ಕೊಪ್ಪಳದ ದಾಳಿಂಬೆ ತೋಟಗಳನ್ನು ಒಣಗಿಸಿದ ದುಂಡಾಣು ಅಂಗಮಾರಿ, ನಿಂಬೆಯ ಕಜ್ಜಿ, ಭತ್ತದ ಎಲೆ ಒಣಗಿಸುವ ಅಂಗಮಾರಿ, ಇವೆಲ್ಲ ಇದೇ ಕ್ಸಾಂಥೊಮೊನಾಸ್ ಕುಲದ ಕೆಲಸ. ಬ್ಯಾಕ್ಟೀರಿಯಾ ತನ್ನ ಸುತ್ತ ಕಟ್ಟಿಕೊಳ್ಳುವ ಗೋಂದು ಒಣಹವೆಯಿಂದಲೂ ಗಿಡದ ಪ್ರತಿರೋಧದಿಂದಲೂ ಅದನ್ನು ಕಾಯುತ್ತದೆ. ಗಿಡಕ್ಕೆ ಮಾರಕವಾದ ಅದೇ ಅಂಟು ಮನುಷ್ಯನಿಗೆ ಉಪಕಾರಿಯಾಯಿತು. ಅದಕ್ಕೆ ಕ್ಸಾಂಥನ್ ಎಂದು ಹೆಸರಾಯಿತು.

1961ರಲ್ಲಿ ಜೀನ್ಸ್, ಪಿಟ್ಸ್‌ಲಿ ಮತ್ತು ಸೆಂಟಿ ಇದರ ಗುಣಗಳನ್ನು ಪ್ರಕಟಿಸಿದರು. ಶೇಕಡಾ ಒಂದರಷ್ಟು ಬೆರೆಸಿದರೆ ಸಾಕು, ನೀರು ನೂರಾರು ಪಟ್ಟು ಮಂದವಾಗುತ್ತದೆ. ಉಪ್ಪು ಹಾಕಿದರೂ, ಕಾಯಿಸಿದರೂ, ಹುಳಿ ಬೆರೆಸಿದರೂ ಜಗ್ಗುವುದಿಲ್ಲ. ಎಲ್ಲಕ್ಕಿಂತ ವಿಶೇಷವೆಂದರೆ, ಸುಮ್ಮನೆ ಬಿಟ್ಟಾಗ ಗಟ್ಟಿಯಾಗಿ ನಿಲ್ಲುವ ಈ ದ್ರವ ಕಲಕಿದ ಕೂಡಲೇ ತೆಳುವಾಗಿ ಹರಿಯುತ್ತದೆ. ಕೈ ತೆಗೆದರೆ ಮತ್ತೆ ಗಟ್ಟಿ. ಗೋರಿಕಾಯಿ ಬೀಜದ ಗೋಂದಾಗಲಿ ಕಡಲ ಪಾಚಿಯ ಗೋಂದಾಗಲಿ ಈ ಎಲ್ಲ ಗುಣಗಳನ್ನು ಒಟ್ಟಿಗೆ ಕೊಡುತ್ತಿರಲಿಲ್ಲ.

ಅದೇ 1961ರಲ್ಲಿ ಇನ್ನೊಂದು ಲೇಖನ ಬಂತು. ಬರೆದವರು ಅದೇ ಪ್ರಯೋಗಾಲಯದ ರೊಗೊವಿನ್, ಆ್ಯಂಡರ್ಸನ್ ಮತ್ತು ಕ್ಯಾಡ್ಮಸ್. ಪ್ರಕಟವಾದದ್ದು ಗೇಡನ್ ಸ್ಥಾಪಿಸಿದ್ದ ಪತ್ರಿಕೆಯಲ್ಲಿ. ವಿಷಯ: ಈ ಗೋಂದನ್ನು ತೊಟ್ಟಿಯಲ್ಲಿ ಮಾಡುವ ಬಗೆ. ಜೀನ್ಸ್ ಅವರ ಹೆಸರು ಈಗ ಸ್ವಲ್ಪವಾದರೂ ಜನರ ಬಾಯಲ್ಲಿದೆ. ತೊಟ್ಟಿಯ ಪಕ್ಕ ನಿಂತು ಆ ಬ್ಯಾಕ್ಟೀರಿಯಾದ ಹಟವನ್ನು ಮೊದಲು ಎದುರಿಸಿದ ಈ ಮೂವರನ್ನು ನೆನೆಯುವವರು ಕಡಿಮೆ. ನನ್ನ ದೃಷ್ಟಿಯಲ್ಲಿ ಕ್ಸಾಂಥನ್ ಚರಿತ್ರೆಯ ಅರ್ಧ ಭಾಗ ಅವರದ್ದೇ.

ಹಟ ಯಾವುದು? ಕ್ಸಾಂಥೊಮೊನಾಸ್‌ಗೆ ಆಮ್ಲಜನಕವಿಲ್ಲದೆ ಬದುಕೇ ಇಲ್ಲ. ಲ್ಯೂಕೊನೊಸ್ಟಾಕ್‌ನಂತೆ ಅದು ಗೋಂದನ್ನು ಹೊರಗೆ ಹೊಸೆಯುವುದೂ ಇಲ್ಲ. ಎರಡು ಗ್ಲೂಕೋಸ್, ಎರಡು ಮ್ಯಾನೋಸ್, ಒಂದು ಗ್ಲೂಕುರಾನಿಕ್ ಆಮ್ಲ, ಈ ಐದನ್ನೂ ಜೀವಕೋಶದ ಒಳಗೆ ಒಂದೊಂದಾಗಿ ಸಜ್ಜುಗೊಳಿಸಿ, ಪೊರೆಯಲ್ಲಿರುವ ಕೊಬ್ಬಿನ ವಾಹಕದ ಮೇಲೆ ಪೋಣಿಸಿ, ಆಮೇಲೆ ಹೊರಕ್ಕೆ ದೂಡುತ್ತದೆ. ಈ ರಚನೆ ಖಚಿತವಾಗಿ ತಿಳಿದದ್ದು 1975ರಲ್ಲಿ, ಸ್ಟಾಕ್‌ಹೋಮಿನ ಜಾನ್ಸನ್, ಕೆನ್ನೆ ಮತ್ತು ಲಿಂಡ್‌ಬರ್ಗ್ ಅವರಿಂದ. ಪ್ರತಿ ಹೆಜ್ಜೆಗೂ ಶಕ್ತಿ ಬೇಕು, ಶಕ್ತಿಗೆ ಉಸಿರು ಬೇಕು. ಆದರೆ ಗೋಂದು ಹೊರಬಂದಂತೆ ತೊಟ್ಟಿಯ ದ್ರವ ಮಂದವಾಗುತ್ತದೆ. ದ್ರವ ಮಂದವಾದಂತೆ ಗಾಳಿ ಒಳಗೆ ದಾಟುವುದು ಕಡಿಮೆಯಾಗುತ್ತದೆ. ಬ್ಯಾಕ್ಟೀರಿಯಾ ಎಷ್ಟು ಚೆನ್ನಾಗಿ ಕೆಲಸ ಮಾಡಿತೋ ಅಷ್ಟು ಬೇಗ ತನ್ನ ಉಸಿರನ್ನು ತಾನೇ ಕಟ್ಟಿಕೊಳ್ಳುತ್ತದೆ. ಪೆನಿಸಿಲಿನ್ ತೊಟ್ಟಿಯಲ್ಲೂ ದ್ರವ ಮಂದವಾಗುತ್ತಿತ್ತು, ನಿಜ. ಅಲ್ಲಿ ಮಂದವಾಗುತ್ತಿದ್ದುದು ಬೂಷ್ಟಿನ ಎಳೆಗಳಿಂದ. ಎಳೆ ಕಡಿಮೆ ಮಾಡಿಯೂ ಔಷಧಿ ಪಡೆಯುವ ದಾರಿ ಇತ್ತು. ಇಲ್ಲಿ ಮಂದತೆಯೇ ಮಾರಾಟದ ಸರಕು. ಅದನ್ನು ಕಡಿಮೆ ಮಾಡಿದರೆ ಉಳಿಯುವುದೇನು?

ಮಂದ ದ್ರವದೊಳಗೆ ನಡೆಯುವುದನ್ನು ನೋಡಿ. ತಳದಿಂದ ಬಿಟ್ಟ ಸಣ್ಣ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡ ಗುಳ್ಳೆಗಳಾಗಿ, ತಂಗದೆ ನೇರ ಮೇಲೇರಿ ಒಡೆದುಹೋಗುತ್ತವೆ. ಉಳಿದ ತೀರಾ ಸಣ್ಣ ಗುಳ್ಳೆಗಳು ಅಲ್ಲಲ್ಲೇ ಸಿಕ್ಕಿಕೊಂಡು, ಆಮ್ಲಜನಕ ಮುಗಿದ ಮೇಲೂ ಗಂಟೆಗಟ್ಟಲೆ ಹೊರಬಾರದೆ ಕೂರುತ್ತವೆ. ಇನ್ನು ಕಲಕುವಿಕೆ. ಕ್ಸಾಂಥನ್ ಕಲಕಿದಲ್ಲಿ ತೆಳು, ಕಲಕದಲ್ಲಿ ಗಟ್ಟಿ ತಾನೆ? ರಶ್ಟನ್ ಟರ್ಬೈನ್ ಸುತ್ತಿದಾಗ ಅದರ ಸುತ್ತಲಿನ ದ್ರವ ಮಾತ್ರ ನೀರಾಗಿ ರಭಸದಿಂದ ಹರಿಯುತ್ತದೆ, ತೊಟ್ಟಿಯ ಗೋಡೆಯ ಬಳಿಯದು ಕಲ್ಲಿನಂತೆ ನಿಂತುಬಿಡುತ್ತದೆ. ರಾಗಿ ಮುದ್ದೆ ತೊಳಸುವಾಗ ಕೋಲು ಆಡಿದಲ್ಲಿ ಹಿಟ್ಟು ಬೆಂದು, ಪಾತ್ರೆಯ ಅಂಚಿನಲ್ಲಿ ಗಂಟು ಉಳಿಯುವುದು ಎಲ್ಲರಿಗೂ ಗೊತ್ತು. ಇಲ್ಲಿ ಹಾಗೆ ಉಳಿಯುವುದು ಸಾವಿರಾರು ಲೀಟರ್. ರೆಕ್ಕೆಯ ಸುತ್ತ ಹರಿಯುವ ಆ ಭಾಗಕ್ಕೆ ಎಂಜಿನಿಯರುಗಳು ಗುಹೆ ಎನ್ನುತ್ತಾರೆ. ಗುಹೆಯೊಳಗಿನ ಬ್ಯಾಕ್ಟೀರಿಯಾಕ್ಕೆ ಗಾಳಿಯ ಸುಗ್ಗಿ, ಹೊರಗಿನವಕ್ಕೆ ಬರಗಾಲ. ಆಮ್ಲಜನಕ ಅಳೆಯುವ ಕಡ್ಡಿಯನ್ನು ಗುಹೆಯೊಳಗೆ ಇಟ್ಟರೆ ಎಲ್ಲವೂ ಸರಿಯಿದೆ ಎಂದೇ ಅದು ತೋರಿಸುತ್ತದೆ.

ಇಷ್ಟೆಲ್ಲ ಇದ್ದೂ ಉದ್ಯಮ ಹಿಂದೆ ಸರಿಯಲಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಕೆಲ್ಕೊ ಎಂಬ ಕಂಪನಿ ಇತ್ತು. ಕಡಲಲ್ಲಿ ಕಾಡಿನಂತೆ ಬೆಳೆಯುವ ಕೆಲ್ಪ್ ಪಾಚಿಯನ್ನು ಕೊಯ್ದು ಆಲ್ಜಿನೇಟ್ ಎಂಬ ಗೋಂದು ತೆಗೆಯುವುದು ಅದರ ಕಸುಬು. ಪಿಯೋರಿಯಾದ ಫಲಿತಾಂಶಗಳನ್ನು ಕೈಗೆತ್ತಿಕೊಂಡು ಕೆಲ್ಕೊ 1960ರ ದಶಕದ ಮೊದಲಲ್ಲಿ ಪ್ರಾಯೋಗಿಕವಾಗಿ, 1964ರ ಹೊತ್ತಿಗೆ ದೊಡ್ಡ ಪ್ರಮಾಣದಲ್ಲಿ ಕ್ಸಾಂಥನ್ ತಯಾರಿಸತೊಡಗಿತು. 1969ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದನ್ನು ಊಟದಲ್ಲಿ ಬಳಸಲು ಒಪ್ಪಿಗೆ ಕೊಟ್ಟಿತು. ಐಸ್‌ಕ್ರೀಮ್, ಸಾಸ್, ಟೂತ್‌ಪೇಸ್ಟ್, ಗೋಧಿಯಿಲ್ಲದ ಬ್ರೆಡ್, ಎಲ್ಲೆಡೆ ಅದು ಸೇರಿಕೊಂಡಿತು. ಎಣ್ಣೆಬಾವಿ ಕೊರೆಯುವವರಿಗಂತೂ ಅದು ವರವೇ ಆಯಿತು: ಕೊರೆಯುವ ಮೊನೆಯ ಬಳಿ ತೆಳುವಾಗಿ ಹರಿದು, ಯಂತ್ರ ನಿಂತಾಗ ಗಟ್ಟಿಯಾಗಿ ಕಲ್ಲುಚೂರುಗಳನ್ನು ಕೆಳಗೆ ಬೀಳದಂತೆ ಹಿಡಿದುಕೊಳ್ಳುವ ಕೆಸರು ಬೇರೆ ಯಾವುದು? ಬಾವಿ ಕೊರೆಯುವವರ ಬಾಯಲ್ಲಿ ಅದು ಇಂದಿಗೂ ಎಕ್ಸ್‌ಸಿ ಪಾಲಿಮರ್.

ಕಾರ್ಖಾನೆಯ ಪದ್ಧತಿ ಒಂದು ಹದಕ್ಕೆ ಬಂತು. ಶೇಕಡಾ 2ರಿಂದ 4ರಷ್ಟು ಸಕ್ಕರೆ, 28ರಿಂದ 30 ಡಿಗ್ರಿ ಶಾಖ, ಹುಳಿಯೂ ಕ್ಷಾರವೂ ಅಲ್ಲದ ನಡುಮಟ್ಟ, ಎರಡು ಮೂರು ದಿನದ ಹುದುಗು. ಮೊದಲ ದಿನ ಸಾರಜನಕ ಇರುವವರೆಗೆ ಬ್ಯಾಕ್ಟೀರಿಯಾ ಸಂಖ್ಯೆ ಬೆಳೆಸಿಕೊಳ್ಳುತ್ತದೆ; ಅದು ಮುಗಿದ ಮೇಲೆ ಉಳಿದ ಸಕ್ಕರೆಯನ್ನೆಲ್ಲ ಗೋಂದು ಮಾಡುತ್ತದೆ. ಲೀಟರಿಗೆ 20–30 ಗ್ರಾಂ ಗೋಂದಾಗುವಷ್ಟರಲ್ಲಿ ಕಲಕುವ ಯಂತ್ರ ಸೋಲುತ್ತದೆ. ಕೊನೆಯಲ್ಲಿ ಆಲ್ಕೊಹಾಲ್ ಸುರಿದು ಗೋಂದನ್ನು ಒಡೆಸಿ, ಒಣಗಿಸಿ, ಪುಡಿ ಮಾಡುತ್ತಾರೆ. ಉಸಿರುಕಟ್ಟಿದ ತೊಟ್ಟಿಯ ಗೋಂದು ಪ್ರಮಾಣದಲ್ಲಿ ಕಡಿಮೆ ಎನ್ನುವುದಷ್ಟೇ ಆಗಿದ್ದರೆ ಚಿಂತೆ ಸಣ್ಣದು. ಅದರ ಸರಪಳಿಯೂ ಮೋಟಾಗಿ, ಸರಪಳಿಯ ಪಕ್ಕಕ್ಕೆ ಅಂಟಿರಬೇಕಾದ ಪೈರುವೇಟ್ ಗುಂಪುಗಳೂ ಕಡಿಮೆಯಾಗುತ್ತವೆ ಎಂದು ಒಂದೊಂದೇ ಪ್ರಯೋಗದಿಂದ ಗೊತ್ತಾಯಿತು. ಗಾಳಿ ಹೆಚ್ಚು ಕಡಿಮೆಯಾದರೆ ಅಣುವೇ ಬದಲಾಗುತ್ತದೆ, ಗೋಂದಿನ ಬಿಗಿ ಸಡಿಲವಾಗುತ್ತದೆ.

ಈ ನಡುವೆ ಒಂದು ತಕರಾರು ಎರಡು ದಶಕಗಳ ಕಾಲ ಬಗೆಹರಿಯದೆ ಉಳಿಯಿತು. ಕಲಕುವ ವೇಗ ಹೆಚ್ಚಿಸಿದರೆ ಗೋಂದು ಹೆಚ್ಚುತ್ತದೆ ಎಂಬುದನ್ನು ಎಲ್ಲರೂ ಕಂಡಿದ್ದರು. ಯಾಕೆ ಎಂಬುದಕ್ಕೆ ಉತ್ತರ ಬೇರೆ ಬೇರೆ. ಕೆಲವರ ವಾದ: ರೆಕ್ಕೆಯ ರಭಸ ಬ್ಯಾಕ್ಟೀರಿಯಾದ ಮೈಗೆ ಅಂಟಿದ ಗೋಂದಿನ ಕವಚವನ್ನು ಉಜ್ಜಿ ತೆಗೆಯುತ್ತದೆ, ಆಗ ಆಹಾರ ಸುಲಭವಾಗಿ ಒಳಗೆ ಹೋಗುತ್ತದೆ. ಇನ್ನು ಕೆಲವರ ಅನುಮಾನ: ಅತಿ ವೇಗ ಬ್ಯಾಕ್ಟೀರಿಯಾಕ್ಕೆ ಪೆಟ್ಟು ಮಾಡುತ್ತದೆ. ಎರಡೂ ಕಡೆಯವರು ವೇಗ ಮತ್ತು ಆಮ್ಲಜನಕವನ್ನು ಬೇರ್ಪಡಿಸಿ ನೋಡಿರಲಿಲ್ಲ. ವೇಗ ಬದಲಿಸಿದಾಗಲೆಲ್ಲ ಆಮ್ಲಜನಕವೂ ಬದಲಾಗುತ್ತಿತ್ತು. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಡೆಕ್‌ವರ್ ಅವರ ಗುಂಪು 1980ರ ದಶಕದ ಕೊನೆಯಲ್ಲಿ ಈ ಗಂಟನ್ನು ಬಿಡಿಸತೊಡಗಿತು. ರೆಕ್ಕೆಯ ಪ್ರಭಾವ ಎಂದು ಕಾಣುವುದು ಬಹುಪಾಲು ಗಾಳಿ ತಲುಪದ ಮೂಲೆಗಳ ಪ್ರಭಾವವೇ ಎಂಬ ಕಡೆಗೆ ಅವರ 1989ರ ಕೆಲಸ ಬೆರಳು ತೋರಿಸಿತು. ಸುಮಾರು ಹತ್ತು ವರ್ಷದ ನಂತರ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಅಮಾನುಲ್ಲಾ, ಟಟಿಯೆಟ್ ಮತ್ತು ಆಲ್ವಿನ್ ನೀನೋ ಒಂದು ಅಚ್ಚುಕಟ್ಟಾದ ಪ್ರಯೋಗ ಮಾಡಿದರು. ಕರಗಿದ ಆಮ್ಲಜನಕದ ಮಟ್ಟವನ್ನು ಒಂದೇ ಕಡೆ ಕಟ್ಟಿಹಾಕಿ, ರೆಕ್ಕೆಯ ವೇಗವನ್ನು ಮಾತ್ರ ಬದಲಿಸಿದರು. 1998ರಲ್ಲಿ ಪ್ರಕಟವಾದ ಫಲಿತಾಂಶ ಇದು: ವೇಗ ಬ್ಯಾಕ್ಟೀರಿಯಾಕ್ಕೆ ಪೆಟ್ಟು ಮಾಡುವುದಿಲ್ಲ. ದ್ರವ ತೆಳುವಿರುವಾಗ ಹೆಚ್ಚಿನ ವೇಗದಿಂದ ವಿಶೇಷ ಲಾಭವೂ ಇಲ್ಲ. ದ್ರವ ಗಟ್ಟಿಯಾದ ಮೇಲೆ ಮಾತ್ರ ವೇಗ ಫಲ ಕೊಡುತ್ತದೆ, ಯಾಕೆಂದರೆ ಆಗ ಗುಹೆ ದೊಡ್ಡದಾಗಿ ಹೆಚ್ಚು ಬ್ಯಾಕ್ಟೀರಿಯಾಗಳನ್ನು ಒಳಗೆ ಸೇರಿಸಿಕೊಳ್ಳುತ್ತದೆ.

ನೀನೋ ಅವರ ಜೊತೆ ಮೆಕ್ಸಿಕೊದ ಎನ್ರಿಕೆ ಗಲಿಂದೊ ಕೂಡ ಇದೇ ವರ್ಷಗಳಲ್ಲಿ ಕೆಲಸ ಮಾಡಿದರು. ಗುಹೆಯನ್ನು ದೊಡ್ಡದಾಗಿಸಲು ವೇಗವೊಂದೇ ದಾರಿಯಲ್ಲ. ರಶ್ಟನ್ ಟರ್ಬೈನಿನ ಬದಲು ಬಾಗಿದ ಅಲಗುಗಳ ರೆಕ್ಕೆಗಳನ್ನೋ, ತೊಟ್ಟಿಯ ಅಗಲಕ್ಕೆ ಹತ್ತಿರ ಬರುವ ದೊಡ್ಡ ರೆಕ್ಕೆಗಳನ್ನೋ ಹಾಕಿದರೆ ಅಷ್ಟೇ ವಿದ್ಯುತ್ತಿನಲ್ಲಿ ಹೆಚ್ಚು ದ್ರವ ಚಲಿಸುತ್ತದೆ. ಆರಂಭದಲ್ಲಿ ನಿಧಾನವಾಗಿ ಸುತ್ತಿ, ದ್ರವ ಮಂದವಾದಂತೆ ವೇಗ ಏರಿಸುತ್ತ ಹೋಗುವ ಕ್ರಮವನ್ನು ಮ್ಯಾಡ್ರಿಡ್‌ನ ಗಾರ್ಸಿಯಾ-ಒಚೊವಾ ಮತ್ತು ಸಂಗಡಿಗರು ಗಣಿತದ ಮಾದರಿಗಳಿಂದ ಲೆಕ್ಕ ಹಾಕಿಕೊಟ್ಟರು. ರೆಕ್ಕೆಯೇ ಇಲ್ಲದೆ, ಮೇಲೇರುವ ಗಾಳಿಯ ಬಲದಿಂದಲೇ ದ್ರವ ಸುತ್ತುವ ಎತ್ತರದ ಗೋಪುರಗಳೂ ಬಂದವು. ಖರ್ಚು ಕಡಿಮೆ, ಆದರೆ ದ್ರವ ತೀರ ಗಟ್ಟಿಯಾದಾಗ ಅವೂ ಸೋಲುತ್ತವೆ.

ಗಲಿಂದೊ ಅಲ್ಲಿಗೆ ನಿಲ್ಲಲಿಲ್ಲ. ಮೆಕ್ಸಿಕೊದ ಕುಯೆರ್ನವಾಕದಲ್ಲಿ ಅವರೂ ಕಾರ್ಲೋಸ್ ಪೆನ್ಯಾ ಅವರೂ ಕೈಗೆತ್ತಿಕೊಂಡದ್ದು ಅಜೋಟೊಬ್ಯಾಕ್ಟರ್ ಎಂಬ ಮಣ್ಣಿನ ಬ್ಯಾಕ್ಟೀರಿಯಾವನ್ನು. ಅದು ಮಾಡುವ ಗೋಂದು ಆಲ್ಜಿನೇಟ್, ಕೆಲ್ಕೊದವರು ಕಡಲ ಪಾಚಿಯಿಂದ ತೆಗೆಯುತ್ತಿದ್ದ ಅದೇ ಜಾತಿಯದ್ದು. ಕ್ಸಾಂಥನ್‌ನಿಂದ ಕಲಿತ ನಿಯಮವನ್ನು ಇಲ್ಲಿಗೆ ತಂದರೆ ಎಲ್ಲವೂ ಕೆಡುತ್ತದೆ. ಗಾಳಿಯ ಸಾರಜನಕವನ್ನು ಹಿಡಿಯುವ ಈ ಜೀವಿ ಆ ಕೆಲಸ ಮಾಡುವ ಕಿಣ್ವವನ್ನು ಆಮ್ಲಜನಕದಿಂದ ಕಾಪಾಡಿಕೊಳ್ಳಬೇಕು. ಆಮ್ಲಜನಕ ಹೆಚ್ಚಾದರೆ ಅದನ್ನು ಉರಿಸಿ ತೀರಿಸಲೆಂದೇ ಅದು ಸಕ್ಕರೆಯನ್ನು ಸುಡುತ್ತದೆ, ಗೋಂದಿಗೆ ಪಾಲು ಉಳಿಯುವುದಿಲ್ಲ. ಆಮ್ಲಜನಕ ತೀರಾ ಕಡಿಮೆಯಾದರೆ ಸಕ್ಕರೆ ಜೀವಕೋಶದೊಳಗೆ ಕೊಬ್ಬಿನಂಥ ಹರಳುಗಳಾಗಿ ಕೂಡಿಕೊಳ್ಳುತ್ತದೆ. ಕುಯೆರ್ನವಾಕದ ತೊಟ್ಟಿಗಳಲ್ಲಿ ಅತಿ ಉದ್ದದ ಆಲ್ಜಿನೇಟ್ ಸರಪಳಿ ಸಿಕ್ಕದ್ದು ಕರಗಿದ ಆಮ್ಲಜನಕ ಶೇಕಡಾ ಐದಕ್ಕಿಂತ ಕೆಳಗಿದ್ದಾಗ, ರೆಕ್ಕೆಯನ್ನು ಮೆಲ್ಲಗೆ ತಿರುಗಿಸಿದಾಗ. ಅದೇ ಆಮ್ಲಜನಕ ಮಟ್ಟದಲ್ಲಿ ರೆಕ್ಕೆಯ ವೇಗ ಏರಿಸಿದರೆ ಸರಪಳಿ ಮೋಟಾಗುತ್ತಿತ್ತು.